206, 207, ಕ್ಯಾಂಪರ್: ಮನೆಯಂಗಳದಲ್ಲಿ ರಿಪೇರಿಗೆ ಯಾವ ಹಳೇ ಪಿಕಪ್ ತರಬೇಕು?

ಹಳೇ ಪಿಕಪ್ ನೋಡೋಕೆ ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಕಿವಿ ಕೊಟ್ಟು ಕೇಳುತ್ತಾರೆ. ಸದ್ದು ಚೆನ್ನಾಗಿದ್ದರೆ ಅರ್ಧ ಮನಸ್ಸು ಅಲ್ಲೇ ಒಪ್ಪಿಬಿಡುತ್ತದೆ. ನಾನೂ ಮೊದಲ ಗಾಡಿಯನ್ನು ಹಾಗೇ ಕೊಂಡೆ. ಸಕಲೇಶಪುರದ ಕಡೆ ತೋಟದಲ್ಲಿದ್ದ ಟಾಟಾಮೊಬೈಲ್ 206. ಕೀ ತಿರುಗಿಸಿದ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆ ಇರಲಿಲ್ಲ. ಮನೆಗೆ ತಂದು ಡ್ರೈವರ್ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗೆ ತಗಡೇ ಇರಲಿಲ್ಲ. ಗೋಣಿ ತುಂಡಿನ ಮೇಲೆ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಹೊಡೆದಿದ್ದರು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಆ ಗಾಡಿ ಕೊನೆಗೂ ರಸ್ತೆಗೆ ಇಳಿಯಲಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾರಿ ಉಳಿದದ್ದನ್ನು ಗುಜರಿಗೆ ಕೊಟ್ಟೆ. ಅದನ್ನು ನೋಡಲು ಕರೆಸಿದ್ದ ಟಿಂಕರಿಂಗ್ ಮೇಸ್ತ್ರಿ ಒಂದು ಮಾತು ಹೇಳಿದರು: "ಎಂಜಿನ್ ಹೋದ್ರೆ ಲೇತಿಗೆ ಹೋಗಿ ವಾಪಸ್ ಬರುತ್ತೆ ಅಣ್ಣ. ತಗಡು ಹೋದ್ರೆ ಹೋದಂಗೇ." ಎರಡನೇ ಸಲ ಚಳ್ಳಕೆರೆ ಕಡೆಯಿಂದ ಒಂದು ಟಾಟಾ 207 ತಂದೆ. ಸ್ಟಾರ್ಟ್ ಮಾಡಿದರೆ ಅಂಗಳವೆಲ್ಲ ನೀಲಿ ಹೊಗೆ. ಆದರೆ ತಗಡು ಗಟ್ಟಿ, ಕಾಗದ ಸರಿ. ಅದು ಈಗಲೂ ಓಡುತ್ತಿದೆ.

ಹಾಗಾಗಿ ನನ್ನ ಹೋಲಿಕೆಯೆಲ್ಲ ಇದರ ಮೇಲೇ ನಿಂತಿದೆ. ಮೊದಲು ತಗಡು ಮತ್ತು ಚಾಸಿ (ಗಾಡಿಯೆಲ್ಲ ಕೂತಿರುವ ಕೆಳಗಿನ ಉಕ್ಕಿನ ಚೌಕಟ್ಟು), ಆಮೇಲೆ ಕಾಗದ, ಕೊನೆಗೆ ಎಂಜಿನ್. ಕಂಪನಿ ಯಾವುದು ಅನ್ನುವುದು ಇವು ಮೂರರ ನಂತರದ ಮಾತು. ಆದರೂ ಎಲ್ಲರೂ ಮೊದಲು ಕೇಳುವುದು ಅದನ್ನೇ, ಅಲ್ವಾ? ಅದರಿಂದಲೇ ಶುರು ಮಾಡೋಣ.

ಮೂರು ಗಾಡಿಗಳು

ಟಾಟಾಮೊಬೈಲ್ 206 ಬಂದದ್ದು 1988ರಲ್ಲಿ. ಎಂಜಿನ್ 1948 ಸಿಸಿ, ಹೆಸರು 483. ಈ ಹೆಸರನ್ನು ಓದೋದು ಸುಲಭ. ಮೊದಲ ಅಂಕಿ 4, ಅಂದರೆ ನಾಲ್ಕು ಸಿಲಿಂಡರ್. ಮುಂದಿನ 83, ಅಂದರೆ ಬೋರು, ಸಿಲಿಂಡರಿನ ಒಳ ಅಗಲ, 83 ಮಿಲಿಮೀಟರ್. ಇದೇ ಗಾಡಿಯ ಬುಡದ ಮೇಲೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್, 1994ರಲ್ಲಿ ಸುಮೊ ಬಂದವು. ಹಾಗಾಗಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಸಾಮಾನಿಗೆ ಹಳೇ ಸುಮೊ ನೆಂಟ ಇದ್ದ ಹಾಗೆ, ಕಷ್ಟಕ್ಕೆ ಆಗುತ್ತದೆ. ಆದರೆ ಬಾಗಿಲು, ಕ್ಯಾಬಿನ್ ತಗಡು, ಗಾಜಿನ ರಬ್ಬರ್, ದೀಪದ ಚೌಕಟ್ಟು ಬೇಕು ಅಂದರೆ ಅಲೆದಾಟ ತಪ್ಪದು. ಚಿಕ್ಕಂದಿನಲ್ಲಿ ಮನೆಯಲ್ಲಿ ಇದೇ ಗಾಡಿ ಇತ್ತು, ಅದೇ ಬೇಕು ಅನ್ನುವವರು ಕೊಳ್ಳಲಿ. ಮೊದಲ ಸಲ ಸ್ಪ್ಯಾನರ್ ಹಿಡಿಯುವವರಿಗೆ ನಾನು ಹೇಳಲ್ಲ.

ಟಾಟಾ 207 ಡಿಐ ಬೇರೆಯದೇ ಸ್ವಭಾವದ್ದು. ಎಂಜಿನ್ 497, ಅಂದರೆ ಬೋರು 97 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, 100 ಮಿಲಿಮೀಟರ್, ಒಟ್ಟು 2956 ಸಿಸಿ. ಸದ್ದು ಜಾಸ್ತಿ, ನಡುಗೋದು ಜಾಸ್ತಿ, ಆದರೆ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಡಿಐ ಅಂದರೆ ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುತ್ತದೆ. ಹಾಗಾಗಿ ನಮ್ಮ ಕಡೆಯ ಚಳಿಗೆ, ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್ ಚಿಂತೆ ಇಲ್ಲ. ಎಲ್ಲಕ್ಕಿಂತ ದೊಡ್ಡ ಅನುಕೂಲ ಅಂದರೆ ಇದು 407 ಲಾರಿಯ ಎಂಜಿನ್ ಬಳಗದ್ದು. 407 ಇಲ್ಲದ ತಾಲೂಕು ಯಾವುದಿದೆ? ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಬೇಕು ಅಂದರೆ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕು ಅಂತಿಲ್ಲ. ತಾಲೂಕು ಕೇಂದ್ರದ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿಯವರು "407ಕ್ಕಾ, 207ಕ್ಕಾ?" ಅಂತಷ್ಟೇ ಕೇಳಿ ಶೆಲ್ಫಿನಿಂದ ತೆಗೆದುಕೊಡುತ್ತಾರೆ. ತೊಂದರೆ ಇರುವುದು ತೂಕದಲ್ಲಿ. ಈ ಎಂಜಿನ್ ಇಳಿಸಲು ಗಟ್ಟಿ ತೊಲೆ ಮತ್ತು ಚೈನ್ ಬ್ಲಾಕ್ ಬೇಕೇ ಬೇಕು. ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಇಳಿಸುವ ಎಂಜಿನ್ ಅಲ್ಲ ಇದು.

ಮಹೀಂದ್ರಾ ಬೊಲೆರೊ ಕ್ಯಾಂಪರ್ ಎರಡು ಸಾಲು ಸೀಟಿನ ಗಾಡಿ. ಹೆಂಡತಿ, ಮಕ್ಕಳು, ತೋಟದ ಆಳುಗಳು, ಹಿಂದೆ ನಾಲ್ಕು ಗೊಬ್ಬರದ ಚೀಲ, ಎಲ್ಲ ಒಂದರಲ್ಲೇ ಬೇಕು ಅನ್ನುವವರಿಗೆ ಇದೇ ಸರಿ. ಹಳೇ ಡಿಐ ಎಂಜಿನ್ 2523 ಸಿಸಿ. ಬೋರು ಮೂರೂವರೆ ಇಂಚು, ಸ್ಟ್ರೋಕ್ ನಾಲ್ಕು ಇಂಚು. ಅಳತೆ ಇಂಚಿನಲ್ಲಿ ಸರಿಯಾಗಿ ಕೂರುವುದಕ್ಕೆ ಕಾರಣ ಇದೆ. ಇದು ಇಂಟರ್‌ನ್ಯಾಷನಲ್ ಕಂಪನಿಯ ಟ್ರಾಕ್ಟರ್ ಎಂಜಿನ್ ವಂಶದ್ದು. ಟ್ರಾಕ್ಟರ್ ಮೆಕ್ಯಾನಿಕ್‌ಗಳ ಕೈ ಇದಕ್ಕೆ ಚೆನ್ನಾಗಿ ಪಳಗಿದೆ. ಬಾನೆಟ್, ಮುಂದಿನ ಬಾಗಿಲು, ಮಡ್ಗಾರ್ಡ್ ಬೇಕಾದರೆ ಬೊಲೆರೊ ಜೀಪಿನದೇ ಹೊಂದುತ್ತವೆ, ಅದೇ ಕಾಲದ ಮಾದರಿಯಾ ಅಂತ ಮಾತ್ರ ಕೇಳಿ ನೋಡಿಕೊಳ್ಳಿ. ಆದರೆ ಇಲ್ಲಿ ತಗಡಿನ ಕೆಲಸ ಹೆಚ್ಚು. ನಾಲ್ಕು ಬಾಗಿಲು, ಎರಡು ಪಟ್ಟು ನೆಲ, ಅಷ್ಟೇ ಹೆಚ್ಚು ತುಕ್ಕು ಹಿಡಿಯುವ ಮೂಲೆಗಳು.

ಮೂರರಲ್ಲಿ ಒಂದು ಅಂದರೆ, ಮನೆಯಲ್ಲೇ ಕೂತು ಮಾಡುವವರಿಗೆ ನನ್ನ ಓಟು 207ಕ್ಕೆ. ಕ್ಯಾಬಿನ್ ಚಿಕ್ಕದು, ತಗಡಿನ ಕೆಲಸ ಕಡಿಮೆ, ಸಾಮಾನು ಎಲ್ಲ ಕಡೆ. ಮನೆಮಂದಿ ಕೂರಲೇಬೇಕು ಅಂದರೆ ಕ್ಯಾಂಪರ್. ಯಾವುದೇ ಆಗಲಿ, ಮೆಕ್ಯಾನಿಕಲ್ ಪಂಪ್ ಇರುವ ಗಾಡಿಯನ್ನೇ ತನ್ನಿ. ಕಾಮನ್ ರೈಲ್, ಅಂದರೆ ಡೀಸೆಲ್ ಚಿಮ್ಮುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ವ್ಯವಸ್ಥೆ, ಬಂದ ಮೇಲಿನ ಗಾಡಿಗಳಲ್ಲಿ ಒಂದು ಸೆನ್ಸರ್ ಕೈಕೊಟ್ಟರೂ ಸ್ಕ್ಯಾನರ್ ಬೇಕು. ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂತವರಿಗೆ ಅದು ಕಣ್ಣು ಕಟ್ಟಿದ ಹಾಗೆ.

ಜೀಪು ಕತ್ತರಿಸಿ ಹಿಂದೆ ತೊಟ್ಟಿ ಕೂರಿಸಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ನೋಡೋಕೆ ಚೆಂದ. ಆರ್‌ಸಿಯಲ್ಲಿ ಬಾಡಿ ಏನಂತ ಬರೆದಿದೆ ನೋಡಿ. ಕಂಪನಿ ಕೊಟ್ಟ ರೂಪ ಬದಲಿಸಿದ ಗಾಡಿಗೆ ನೋಂದಣಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅಂಥ ಗಾಡಿಯನ್ನು ಬಿಟ್ಟುಬಿಡಿ.

ಗಾಡಿ ಎಲ್ಲಿ ಬಾಳಿತು?

ಇದು ಕಂಪನಿಗಿಂತ ದೊಡ್ಡ ಪ್ರಶ್ನೆ. ಒಂದೇ ವರ್ಷದ ಮೂರು 207ಗಳನ್ನು ಮಲ್ಪೆ, ಸಕಲೇಶಪುರ, ಚಳ್ಳಕೆರೆಯಿಂದ ತಂದು ಪಕ್ಕಪಕ್ಕ ನಿಲ್ಲಿಸಿದರೆ ಮೂರು ಬೇರೆ ಬೇರೆ ಗಾಡಿ ಅನ್ನಿಸುತ್ತದೆ.

ಕರಾವಳಿಯ ಗಾಡಿ ಅಂದರೆ ಮೊದಲು ಕೇಳಬೇಕಾದ್ದು, ಮೀನು ಹೊತ್ತಿದೆಯಾ? ಐಸು ಕರಗಿದ ಉಪ್ಪು ನೀರು ತೊಟ್ಟಿಯ ಸಂದಿಯಿಂದ ಇಳಿದು ಸೀದಾ ಚಾಸಿ ಮೇಲೆ ಬೀಳುತ್ತದೆ. ದಿನಾ, ವರ್ಷಗಟ್ಟಲೆ. ಮೇಲಿನ ಬಣ್ಣ ಹೊಸದಾಗಿ ಹೊಳೆಯುತ್ತಿರಬಹುದು. ಕೆಳಗೆ ಮಲಗಿ ಚಾಸಿಯ ಒಳಮೈಗೆ ಸ್ಕ್ರೂಡ್ರೈವರ್ ತುದಿಯಿಂದ ಕೆದಕಿ. ಪೇಪರಿನ ಹಾಗೆ ಪದರ ಪದರವಾಗಿ ಏಳುತ್ತಾ ಬಂದರೆ ಅಲ್ಲಿಂದಲೇ ಎದ್ದು ಬನ್ನಿ. ತೊಳೆದು ಎಷ್ಟೇ ವರ್ಷ ಆಗಿದ್ದರೂ ಬಿಸಿಲಲ್ಲಿ ನಿಂತ ಗಾಡಿಯ ತೊಟ್ಟಿ ಹತ್ತಿರ ಮೂಗು ಇಟ್ಟರೆ ವಾಸನೆ ಹೇಳಿಬಿಡುತ್ತದೆ.

ಮಲೆನಾಡಿನ ಗಾಡಿಗೆ ಉಪ್ಪಿನ ಕಾಟ ಇಲ್ಲ, ಒದ್ದೆಯ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಸರಿಯಾಗಿ ಒಣಗುವುದೇ ಇಲ್ಲ. ಕೆಸರು ಮೆತ್ತಿದ ಕಡೆಯಲ್ಲೆಲ್ಲ ತುಕ್ಕು ಕೂರುತ್ತದೆ. ನೋಡಬೇಕಾದ ಜಾಗಗಳು ಇವು: ಕಾಲಡಿಯ ನೆಲ, ಬಾಗಿಲಿನ ಕೆಳ ಅಂಚು, ಮುಂದಿನ ಗಾಜಿನ ರಬ್ಬರ್ ಕೆಳಗಿನ ಚೌಕಟ್ಟು, ಕ್ಯಾಬಿನ್ ಚಾಸಿಗೆ ಕೂರುವ ಮೌಂಟಿಂಗ್. ಮೊದಲ ಮೂರು ಮನೆಯಲ್ಲಿ ಮಾಡಬಹುದಾದ ಕೆಲಸ. ಮೌಂಟಿಂಗ್ ಹೋಗಿದ್ದರೆ ಕ್ಯಾಬಿನ್ ಎತ್ತಬೇಕು. ಅದು ಬೇರೆಯೇ ದೊಡ್ಡ ಕೆಲಸ. ಯೂರಿಯಾ, ಪೊಟ್ಯಾಷ್ ಚೀಲ ಹೊತ್ತ ತೋಟದ ಗಾಡಿಯಾದರೆ ತೊಟ್ಟಿಯ ನೆಲವನ್ನೂ ನೋಡಿ. ಗೊಬ್ಬರದ ಉಪ್ಪೂ ಉಪ್ಪೇ.

ಬಯಲುಸೀಮೆ ಗಾಡಿಯ ತಗಡು ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ಬಣ್ಣ ಬಿಸಿಲಿಗೆ ಸುಟ್ಟು ಸುಣ್ಣದ ಹಾಗೆ ಆಗಿರುತ್ತದೆ, ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ರಬ್ಬರೆಲ್ಲ ಕಲ್ಲಾಗಿರುತ್ತದೆ. ಇದ್ಯಾವುದೂ ತೊಂದರೆ ಅಲ್ಲ, ದುಡ್ಡು ಕೊಟ್ಟರೆ ಸಿಗುವ ವಸ್ತುಗಳು. ಅಲ್ಲಿ ಭಯ ಇರುವುದು ಓವರ್‌ಲೋಡಿನದು. ಈರುಳ್ಳಿ ಮೂಟೆ ಹೊತ್ತ ಗಾಡಿ ಪರವಾಗಿಲ್ಲ. ಕಲ್ಲು, ಮರಳು ಹೊತ್ತಿದ್ದರೆ ಹಿಂದಿನ ಲೀಫ್ ಸ್ಪ್ರಿಂಗ್ ತೂಗುವ ಹ್ಯಾಂಗರ್ ಬುಡ ಮತ್ತು ಕ್ಯಾಬಿನ್ ಬೆನ್ನ ಹಿಂದಿನ ಚಾಸಿ, ಈ ಎರಡು ಕಡೆ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ಸಣ್ಣ, ತುಕ್ಕು ಬಣ್ಣದ ಗೆರೆ ಕಂಡರೆ ಅದು ಬಿರುಕು. ಬೇರೆ ಯಾರೋ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದ ಗುರುತಿದ್ದರೂ ಅಷ್ಟೇ. ಚಾಸಿ ವೆಲ್ಡಿಂಗ್ ಮನೆಯ ಕೆಲಸ ಅಲ್ಲ. ಆ ಗಾಡಿ ಬೇಡ.

ಎಲ್ಲಿಯ ಗಾಡಿಯಾದರೂ ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಹಳೇ ಸ್ಪೀಕರ್‌ನದು ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಿನಿಂದ ಮೇಲಕ್ಕೆ ಸವರಿ. ಹಿಡಿಯುತ್ತಾ ಬಂದು ಒಂದು ಕಡೆ ಬಿಟ್ಟರೆ ಅಲ್ಲಿ ಪುಟ್ಟಿ ಇದೆ. ಬೆರಳ ಗೆಣ್ಣಿನಿಂದ ತಟ್ಟಿದರೂ ಗೊತ್ತಾಗುತ್ತದೆ. ತಗಡು ಠಣ್ ಅನ್ನುತ್ತದೆ, ಪುಟ್ಟಿ ದಬ್ ಅನ್ನುತ್ತದೆ.

ಎಂಜಿನ್: ಬಿಚ್ಚೋದಾ, ಬದಲಿಸೋದಾ, ಹಾಗೇ ಬಿಡೋದಾ?

ಬಿಸಿಯಾದ ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ, ತೆಗೆಯದೆ ಸುಮ್ನೆ ಅದೇ ತೂತಿನ ಮೇಲೆ ಇಟ್ಟುಬಿಡಿ. ಸ್ವಲ್ಪ ನಡುಗುತ್ತಾ ಕೂತರೆ ಚಿಂತೆ ಇಲ್ಲ. ಟಪಟಪ ಕುಣಿದು ಕೆಳಗೆ ಬಿದ್ದು, ತೂತಿನಿಂದ ಬೀಡಿ ಸೇದಿದ ಹಾಗೆ ಹೊಗೆ ಬಂದರೆ ಅದು ಬ್ಯಾಕ್ ಕಂಪ್ರೆಷನ್. ರಿಂಗು, ಬೋರು ಸವೆದಿವೆ. ಈ ಒಂದು ಪರೀಕ್ಷೆ ಬೆಲೆ ಇಳಿಸಲು ಬಹಳ ಸಹಾಯಕ್ಕೆ ಬರುತ್ತದೆ.

ಬ್ಯಾಕ್ ಕಂಪ್ರೆಷನ್ ಇಲ್ಲ, ಆಯಿಲ್ ಪ್ರೆಷರ್ ಇದೆ ಅಂದರೆ ಎಂಜಿನ್ ಬಿಚ್ಚಬೇಡಿ. ಹೇಗೂ ಇಳಿಸಿದೀವಿ ಅಂತ ಚೆನ್ನಾಗಿರುವುದನ್ನು ಬಿಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಆಯಿಲ್, ಫಿಲ್ಟರ್, ಬೆಲ್ಟು, ಹೋಸ್ ಪೈಪು ಬದಲಿಸಿ, ಟ್ಯಾಪೆಟ್ (ವಾಲ್ವಿನ ಸಂದಿ) ಹೊಂದಿಸಿ, ರೇಡಿಯೇಟರ್ ಸ್ವಚ್ಛ ಮಾಡಿಸಿ. ಅಷ್ಟು ಸಾಕು.

ಸವೆದಿದ್ದರೆ ಎರಡು ದಾರಿ. ಒಂದು, ಗುಜರಿಯಿಂದ ಇನ್ನೊಂದು ಎಂಜಿನ್ ತರುವುದು. ಕೆಲಸ ಬೇಗ, ಆದರೆ ಆ ಎಂಜಿನ್ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಜೊತೆಗೆ ಎಂಜಿನ್ ನಂಬರ್ ಬದಲಾಗುತ್ತದೆ, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಆ ಎಂಜಿನ್ನಿಗೆ ಬಿಲ್ಲು ಬೇಕು. ಇನ್ನೊಂದು, ಇರುವುದನ್ನೇ ಬಿಚ್ಚಿ ಮಾಡಿಸುವುದು. ನಾನು ಎರಡನೆಯದನ್ನೇ ಆರಿಸಿಕೊಂಡೆ, ಈಗಲೂ ಅದನ್ನೇ ಹೇಳುತ್ತೇನೆ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ. ಬೋರ್ ಮಾಡಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಲೇತಿನಲ್ಲಿ. ಕ್ರ್ಯಾಂಕ್ ಅಳತೆ ಮಾಡಿಸಿದ ಮೇಲೇ ಬೇರಿಂಗ್ ಕೊಳ್ಳಿ. ಹತ್ತು ಸೈಜೋ ಇಪ್ಪತ್ತು ಸೈಜೋ (ಕ್ರ್ಯಾಂಕ್ ಎಷ್ಟು ಉಜ್ಜಿದ್ದಾರೆ ಅನ್ನುವ ಅಳತೆ) ಅಂತ ಲೇತಿನವರು ಹೇಳಬೇಕು, ಅಂಗಡಿಯವರಲ್ಲ.

ಡೀಸೆಲ್ ಪಂಪ್ ಮತ್ತು ನಾಜಲ್‌ಗೆ ಮಾತ್ರ ಕೈ ಹಾಕಬೇಡಿ. ನಮ್ಮಲ್ಲಿ ಈಗಲೂ ಮೈಕೋ ಪಂಪ್ ಅನ್ನುತ್ತಾರೆ, ಆಡುಗೋಡಿಯ ಆ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡರೂ. ಪಂಪ್ ಎಷ್ಟು ಡೀಸೆಲ್ ಬಿಡುತ್ತದೆ ಅಂತ ಅಳೆದು ಹೊಂದಿಸುವ ಕ್ಯಾಲಿಬ್ರೇಷನ್ ಬೆಂಚ್ ಇರುವ ಕಡೆ ಕೊಟ್ಟು ಮಾಡಿಸಿ. ನನ್ನ 207ರಲ್ಲಿ ರಿಂಗು ಹಾಕಿದ ಮೇಲೆ ನೀಲಿ ಹೊಗೆ ನಿಂತಿತು, ಕಪ್ಪು ಹೊಗೆ ನಿಲ್ಲಲಿಲ್ಲ. ಪಂಪ್ ಬೆಂಚಿಗೆ ಹೋಗಿ ಬಂದ ಮೇಲೆ ಅದೂ ಹೋಯಿತು.

ಬ್ರೇಕಿನ ವಿಷಯದಲ್ಲಿ ಆಯ್ಕೆಯೇ ಇಲ್ಲ. ವೀಲ್ ಸಿಲಿಂಡರ್, ಹೋಸ್, ಮಾಸ್ಟರ್ ಸಿಲಿಂಡರ್ ಕಿಟ್ ಎಲ್ಲ ಹೊಸದು. ಪೆಡಲ್ ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುತ್ತಿದೆಯಾ ನೋಡಲು, ಎಂಜಿನ್ ನಿಲ್ಲಿಸಿ ನಾಲ್ಕೈದು ಸಲ ಪೆಡಲ್ ತುಳಿದು, ಕಾಲು ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಜೊತೆಗೆ ವ್ಯಾಕ್ಯೂಮ್ ಪಂಪನ್ನೂ ನೋಡಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಬೇಡಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ತಗಡು: ತೇಪೆಯಾ, ಪೂರ್ತಿ ಪ್ಯಾನೆಲ್ಲಾ?

ನಾನು ಖರ್ಚು ಮಾಡಿದ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಗಿದೆ, ಅದೂ ಗಟ್ಟಿ ಗಾಡಿಯಲ್ಲಿ. ತೂತು ಅಂಗೈ ಅಗಲಕ್ಕಿಂತ ಚಿಕ್ಕದಿದ್ದು, ಸುತ್ತ ತಗಡು ಗಟ್ಟಿಯಿದ್ದರೆ ತೇಪೆ ಹಾಕಿ. ಬಾಗಿಲಿನ ಕೆಳ ಅಂಚು ಉದ್ದಕ್ಕೂ ಹೋಗಿದ್ದರೆ ತೇಪೆ ಹಾಕುತ್ತಾ ಕೂರಬೇಡಿ, ಗುಜರಿಯಲ್ಲಿ ಬೇರೆ ಬಾಗಿಲೇ ನೋಡಿ. ಶಿವಾಜಿನಗರದ ಹಳೇ ಸಾಮಾನಿನ ಗಲ್ಲಿಗಳಲ್ಲಿ ಒಂದು ದಿನ ಅಲೆದರೆ ಹದಿನೈದು ದಿನದ ಟಿಂಕರಿಂಗ್ ಉಳಿಯುತ್ತದೆ. ನೆಲ ಹೋಗಿದ್ದರೆ ಮಾತ್ರ ಹೊಸ ತಗಡೇ ಕತ್ತರಿಸಿ ಮಾಡುವುದು ಒಳ್ಳೆಯದು. ಕಾಣದ ಜಾಗ, ಕೈ ಪಳಗಿಸಿಕೊಳ್ಳಲೂ ಅದೇ ಸರಿ. 18 ಗೇಜ್ ತಗಡು ಸಾಕು.

ವೆಲ್ಡಿಂಗ್‌ನಲ್ಲಿ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಆರ್ಕ್ ಮೆಷಿನ್. ಗೇಟು, ಕಿಟಕಿಗೆ ಚೆನ್ನ, ಕ್ಯಾಬಿನ್ ತಗಡಿಗೆ ಬೇಡ. ಕಡ್ಡಿ ಮುಟ್ಟಿಸಿದ ತಕ್ಷಣ ತೂತು ಬೀಳುತ್ತದೆ, ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡದಾಗುತ್ತದೆ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಹಳೇ ಮೇಸ್ತ್ರಿಗಳು ಅದ್ಭುತ ಕೆಲಸ ಮಾಡುತ್ತಾರೆ, ಆದರೆ ಕಲಿಯದವರ ಕೈಯಲ್ಲಿ ತಗಡು ಶಾಖಕ್ಕೆ ಅಲೆ ಅಲೆಯಾಗುತ್ತದೆ. ಮನೆಗೆ ಮಿಗ್ ಮೆಷಿನ್ (ಕಡ್ಡಿಯ ಬದಲು ತೆಳು ತಂತಿ ತಾನಾಗಿ ಬರುವಂಥದ್ದು) ಸರಿ. ಕೊಳ್ಳಲು ಆಗದಿದ್ದರೆ ನಾಲ್ಕು ದಿನಕ್ಕೆ ಬಾಡಿಗೆಗೆ ತನ್ನಿ, ಅಷ್ಟರಲ್ಲಿ ತೇಪೆಗಳನ್ನೆಲ್ಲ ಕತ್ತರಿಸಿ ಸಿದ್ಧ ಇಟ್ಟುಕೊಂಡಿರಿ. ಗೆರೆ ಎಳೆದ ಹಾಗೆ ಬೆಸೆಯಬೇಡಿ. ಒಂದು ಚುಕ್ಕೆ ಇಲ್ಲಿ, ಮುಂದಿನದು ಎದುರು ಬದಿಯಲ್ಲಿ, ತಣ್ಣಗಾದ ಮೇಲೆ ನಡುವೆ ಇನ್ನೊಂದು. ಬ್ಯಾಟರಿ ಕನೆಕ್ಷನ್ ಬಿಚ್ಚಿ, ಡೀಸೆಲ್ ಟ್ಯಾಂಕ್ ಹತ್ತಿರ ಇದ್ದರೆ ಇಳಿಸಿ, ಒಂದು ಬಕೆಟ್ ನೀರು, ಒದ್ದೆ ಗೋಣಿ ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಿ.

ತೊಟ್ಟಿಯ ನೆಲಕ್ಕೆ ಎಲ್ಲರೂ ಹಾಕುವುದು ಗೀರು ಇರುವ ಚೆಕರ್ ಪ್ಲೇಟ್. 3 ಮಿಲಿಮೀಟರ್ ಪ್ಲೇಟ್ ಒಂದು ಚದರ ಮೀಟರಿಗೆ ಸುಮಾರು 25 ಕಿಲೋ ತೂಗುತ್ತದೆ. ಇಡೀ ತೊಟ್ಟಿಗೆ ಲೆಕ್ಕ ಹಾಕಿ, ಒಬ್ಬ ದಪ್ಪ ಮನುಷ್ಯನನ್ನು ಸದಾ ಹೊತ್ತುಕೊಂಡು ಓಡಾಡಿದ ಹಾಗೆ. ಅದಕ್ಕಿಂತ ಕೆಟ್ಟದ್ದು, ಹಳೇ ನೆಲದ ಮೇಲೇ ಅದನ್ನು ಹಾಸುವುದು. ಎರಡರ ನಡುವೆ ನೀರು ನಿಂತು ಕೆಳಗಿನದು ಪೂರ್ತಿ ತಿಂದುಹೋಗುತ್ತದೆ. ಹಳೆಯದನ್ನು ಕಿತ್ತು ಹಾಕುವುದಾದರೆ ಹಾಕಿ. ಹಗುರ ಸಾಮಾನು ಸಾಗಿಸುವವರಿಗೆ ಮತ್ತಿ ಮರದ ಹಲಗೆ ನನಗೆ ಇಷ್ಟ. ನಡುವೆ ಕಿರುಬೆರಳಷ್ಟು ಸಂದಿ ಬಿಟ್ಟರೆ ನೀರು ನಿಲ್ಲುವುದಿಲ್ಲ, ಒಂದು ಹಲಗೆ ಹೋದರೆ ಅದೊಂದನ್ನೇ ಬದಲಿಸಬಹುದು.

ಬಣ್ಣಕ್ಕೆ ಬಂದರೆ, ಚಾಸಿಗೆ ತುಕ್ಕು ಉಜ್ಜಿ, ಎಪಾಕ್ಸಿ ಪ್ರೈಮರ್, ಮೇಲೆ ಕಪ್ಪು ಎನಾಮಲ್. ಬ್ರಶ್ಶಿನಲ್ಲಿ ಹೊಡೆದರೂ ನಡೆಯುತ್ತದೆ. ಕ್ಯಾಬಿನ್‌ಗೆ ಪಿಯು (ಪಾಲಿಯುರಿಥೇನ್) ಬಣ್ಣ ಚೆಂದ, ಬಹಳ ಕಾಲ ಬರುತ್ತದೆ, ಆದರೆ ಅದರ ಹಾರ್ಡನರ್ ಆವಿ ಶ್ವಾಸಕೋಶಕ್ಕೆ ತುಂಬ ಅಪಾಯ. ಮಾಮೂಲಿ ಮಾಸ್ಕ್ ತಡೆಯುವುದಿಲ್ಲ. ಉಜ್ಜುವುದು, ಪ್ರೈಮರ್ ಮನೆಯಲ್ಲಿ ಮುಗಿಸಿ ಕೊನೆಯ ಕೋಟಿಂಗ್‌ಗೆ ಬೂತ್ ಇರುವ ಕಡೆ ಕೊಡಿ. ಬಣ್ಣವೇ ಬೇರೆ ಮಾಡುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು.

ಇನ್ನೊಂದು ಮಾತು. ಗಾಡಿ ಎತ್ತಿ ನಿಲ್ಲಿಸಲು ನಮ್ಮ ಕಡೆ ಜಂಬಿಟ್ಟಿಗೆ ಕಲ್ಲು, ಸಿಮೆಂಟ್ ಬ್ಲಾಕ್ ಇಡುತ್ತಾರೆ. ದಯವಿಟ್ಟು ಬೇಡ. ಅವು ಸುಳಿವೇ ಕೊಡದೆ ಒಡೆಯುತ್ತವೆ. ಒಂದು ಜೊತೆ ಒಳ್ಳೆ ಜಾಕ್ ಸ್ಟ್ಯಾಂಡ್, ಜೊತೆಗೆ ದಪ್ಪ ಮರದ ದಿಮ್ಮಿ. ಇದು ಮೊದಲ ಖರ್ಚಾಗಿರಲಿ.

ಕಾಗದ

ಪಿಕಪ್ ಬಹುತೇಕ ಹಳದಿ ಬೋರ್ಡ್. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಹಿಂದಿನ ಮಾಲೀಕರು ಎಷ್ಟು ವರ್ಷದಿಂದ ಮಾಡಿಸಿಲ್ಲ, ದಂಡ ಎಷ್ಟು ಬೆಳೆದಿದೆ, ಟ್ಯಾಕ್ಸ್ ಬಾಕಿ ಇದೆಯಾ, ಹಳೇ ಸಾಲದ ಎಚ್‌ಪಿ (ಗಾಡಿ ಸಾಲಕ್ಕೆ ಅಡವಿದೆ ಅನ್ನುವ) ನಮೂದು ಇನ್ನೂ ಆರ್‌ಸಿಯಲ್ಲಿ ಉಳಿದಿದೆಯಾ, ಇದೆಲ್ಲ ಪರಿವಾಹನ್ ವೆಬ್‌ಸೈಟಿನಲ್ಲೂ ಆರ್‌ಟಿಒ ಕಚೇರಿಯಲ್ಲೂ ಮೊದಲೇ ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಶುಲ್ಕವೂ ಹೆಚ್ಚು. ಸಾಲ ತೀರಿಸಿ ವರ್ಷಗಳೇ ಆಗಿದ್ದರೂ ಎಚ್‌ಪಿ ತೆಗೆಸದೆ ಬಿಟ್ಟವರು ಬಹಳ. ಸಾಲ ಕೊಟ್ಟ ಸಂಸ್ಥೆಯೇ ಮುಚ್ಚಿಹೋಗಿದ್ದರೆ ಸಾಲ ತೀರಿದೆ, ತಕರಾರಿಲ್ಲ ಅನ್ನುವ ಎನ್‌ಒಸಿ ಪತ್ರ ತರುವವರು ಯಾರು? ಅದನ್ನು ಮಾರುವವರೇ ಬಗೆಹರಿಸಿ ಕೊಡಲಿ.

ಸರ್ಕಾರಿ ಇಲಾಖೆಯ ಹರಾಜಿನ ಗಾಡಿ ಅಗ್ಗಕ್ಕೆ ಸಿಗುತ್ತದೆ ಅನ್ನುವವರಿದ್ದಾರೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ಆಗುವುದಿಲ್ಲ. ಬಿಡಿಭಾಗಕ್ಕೆ ಬೇಕಾದರೆ ತನ್ನಿ, ಓಡಿಸಲು ಅಲ್ಲ. ವಿಂಟೇಜ್ ನೋಂದಣಿ ಮಾಡಿಸೋಣ ಅಂದರೆ ಅದು 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ. ನಮ್ಮ 206, 207ಕ್ಕೆ ಇನ್ನೂ ವಯಸ್ಸಾಗಿಲ್ಲ.

ಕೊನೆಗೆ ಚಾಸಿ ನಂಬರ್. ವೈರ್ ಬ್ರಶ್‌ನಿಂದ ಮೆಲ್ಲಗೆ ಉಜ್ಜಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ತೆಳು ಬಿಳಿ ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಾಡಿ ಸವರಿದರೆ ಒಂದೊಂದೇ ಅಕ್ಷರ ಮೂಡುತ್ತದೆ. ಅಕ್ಷರಗಳ ಅಂತರ ಒಂದೇ ಸಮ ಇರಬೇಕು, ಸುತ್ತ ಗ್ರೈಂಡಿಂಗ್ ಗುರುತು ಇರಬಾರದು. ಆ ಕಾಗದವನ್ನು ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದಾಗಿ ಓದಿ, ಜೊತೆಗೆ ಬಂದವರ ಕೈಯಲ್ಲೂ ಓದಿಸಿ. ಎಂಜಿನ್ ನಂಬರಿಗೂ ಹಾಗೇ ಮಾಡಿ. ಎರಡೂ ತಾಳೆಯಾದ ಮೇಲೇ ಅಡ್ವಾನ್ಸ್ ಕೊಡಿ.